ಇಪ್ಪತ್ತೇಳು ವರ್ಷ ನಿಂತ ಎಂಜಿಬಿ

ಅಕ್ಟೋಬರ್ 11, 2024, ಶುಕ್ರವಾರ. ಡಿಡ್‌ಕಾಟ್, ಇಂಗ್ಲೆಂಡ್

ಇವತ್ತು ಆಯುಧಪೂಜೆ. ಆಫೀಸಿಗೆ ಹೊರಡುವ ಮುಂಚೆ ಹಾಸನಕ್ಕೆ ಫೋನ್ ಮಾಡಿದೆ. ಅಪ್ಪ ನನ್ನ ತಮ್ಮನ ಬೈಕಿಗೂ ತಮ್ಮ ಹಳೇ ಸ್ಪ್ಯಾನರುಗಳಿಗೂ ಪೂಜೆ ಮುಗಿಸಿ ಊಟಕ್ಕೆ ಕೂರುತ್ತಿದ್ದರು. ಹಬ್ಬದ ಮಾತು ಎರಡೇ ನಿಮಿಷ. ಆಮೇಲೆ ಅವರೇ ಕೇಳಿದರು, "ಆ ಕಾರು ನೋಡೋಕೆ ಮತ್ತೆ ಯಾವಾಗ ಹೋಗ್ತೀಯೋ?"

ಕಾರು 1972ರ ಎಂಜಿಬಿ ಜಿಟಿ, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಇಲ್ಲಿಂದ ಅರ್ಧ ಗಂಟೆ ದೂರದ ಹಳ್ಳಿಯಲ್ಲಿ, ಒಬ್ಬ ಅಜ್ಜಿಯ ಮನೆ ಹಿಂದಿನ ಶೆಡ್ಡಿನಲ್ಲಿ 1997ರಿಂದ ನಿಂತಿದೆ. ಯಜಮಾನರು ಹೋದ ಮೇಲೆ ಶೆಡ್ ಖಾಲಿ ಮಾಡಬೇಕು ಅಂತ ಅವರು ಮಾರುತ್ತಿದ್ದಾರೆ. 2,500 ಪೌಂಡ್ ಕೇಳಿದ್ದಾರೆ. ಎಂಜಿಬಿ ತಯಾರಾಗುತ್ತಿದ್ದದ್ದು ನಮ್ಮ ಪಕ್ಕದ ಊರು ಆಬಿಂಗ್ಡನ್‌ನಲ್ಲಿ, 1962ರಿಂದ 1980ರ ತನಕ. ಐದು ಲಕ್ಷಕ್ಕೂ ಜಾಸ್ತಿ ಕಾರುಗಳು ಅಲ್ಲಿಂದ ಹೊರಬಂದವು. ಈಗ ಆ ಕಾರ್ಖಾನೆ ಇಲ್ಲ.

ನನಗೆ ಈ ಕಾರಿನ ಮೇಲೆ ಮನಸ್ಸು ಹೋದದ್ದು ಅದರ ಅಂದಕ್ಕಲ್ಲ. ಕಳೆದ ಭಾನುವಾರ ಮೊದಲ ಸಲ ಬಾನೆಟ್ ಎತ್ತಿದಾಗ ಒಳಗಿದ್ದದ್ದು ಪರಿಚಯದ ಮುಖ. ಅಪ್ಪನ ಅಂಬಾಸಿಡರ್ ಎಂಜಿನ್! ಅದೇ ಬಿ ಸೀರೀಸ್ ಅನ್ನೋ ಎಂಜಿನ್ ವಂಶ. ನಮ್ಮದು 1,489 ಸಿಸಿ, ಇದು 1,798. ಬೋರ್, ಅಂದರೆ ಸಿಲಿಂಡರಿನ ಅಗಲ, ಇದರದ್ದು ದೊಡ್ಡದು. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, ಎರಡಕ್ಕೂ ಒಂದೇ, 88.9 ಮಿಲಿಮೀಟರ್. ಇದಕ್ಕೆ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ ಇದೆ, ಅಷ್ಟೇ.

ಅಪ್ಪ ಹಾಸನದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಆ ಅಂಬಾಸಿಡರ್ ಇಟ್ಟುಕೊಂಡು ನಮ್ಮನ್ನೆಲ್ಲ ಸಾಕಿದರು. ಕೊನೆಗೆ ಅದು ಮನೆ ಹಿಂದೆ ತೆಂಗಿನ ಮರದ ಕೆಳಗೆ ವರ್ಷಗಟ್ಟಲೆ ನಿಂತಿತು. 2009ರಲ್ಲಿ ಗುಜರಿಗೆ ಹೋಯಿತು. ನಾನು ಇಲ್ಲಿಗೆ ಬಂದು ಆಗ ಒಂದು ವರ್ಷ. ಫೋನಿನಲ್ಲಿ "ಕೊಟ್ಟುಬಿಡಿ ಅಪ್ಪ, ಸುಮ್ನೆ ಜಾಗ ತಿನ್ನುತ್ತೆ" ಅಂದವನು ನಾನೇ. ಅವತ್ತು ಅವರು ಏನೂ ಹೇಳಲಿಲ್ಲ. ಹದಿನೈದು ವರ್ಷ ಆಯಿತು, ಆ ಮಾತು ಈಗಲೂ ನನ್ನನ್ನು ಚುಚ್ಚುತ್ತೆ.

ಅಕ್ಟೋಬರ್ 12, ಶನಿವಾರ

ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿನಲ್ಲಿದ್ದೆ. ಅಪ್ಪ ವೀಡಿಯೊ ಕಾಲ್‌ನಲ್ಲಿ. ಫೋನನ್ನು ಒಂದು ಪೇಂಟ್ ಡಬ್ಬಕ್ಕೆ ಒರಗಿಸಿ ಇಟ್ಟೆ. ಅತ್ತ ಅವರ ಟಿವಿಯಲ್ಲಿ ಮೈಸೂರಿನ ಜಂಬೂ ಸವಾರಿಯ ಸಡಗರ. ಅವರು ಅದರ ಸದ್ದು ಆರಿಸಿ ಕೂತರು.

ಹೋದ ವಾರವೇ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಎರಡು ಚಮಚದಷ್ಟು ಎಣ್ಣೆ ಬಿಟ್ಟು ಬಂದಿದ್ದೆ. ಇಷ್ಟು ವರ್ಷ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬಾರದು. ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಅಂಟಿಕೊಂಡಿರುತ್ತವೆ, ಬಲವಂತ ಮಾಡಿದರೆ ಮುರಿಯುತ್ತವೆ. ಮುಂದಿನ ಪುಲ್ಲಿಯ ನಟ್ಟಿಗೆ ಉದ್ದನೆ ಸ್ಪ್ಯಾನರ್ ಹಾಕಿ ಮೆಲ್ಲಗೆ ಒತ್ತಿದೆ. ಅಲುಗಲಿಲ್ಲ. "ಒಂದೇ ಕಡೆ ಒತ್ತಬೇಡ. ಹಿಂದೆ ಮುಂದೆ ಆಡಿಸು" ಅಂದರು ಅಪ್ಪ. ಹತ್ತು ನಿಮಿಷ ಆಡಿಸಿದೆ. ಆಮೇಲೆ ಕೈಗೆ ಗೊತ್ತಾಯಿತು, ಕೂದಲೆಳೆಯಷ್ಟು ಜರುಗಿತು. ಇನ್ನೊಂದಿಷ್ಟು. ಪ್ಲಗ್ ತೂತುಗಳಿಂದ ಎಣ್ಣೆ ಉಸ್ ಅಂತ ಉಗುಳಿಕೊಂಡು ಎಂಜಿನ್ನಿನ ಮುಖ್ಯ ಅಚ್ಚು, ಕ್ರ್ಯಾಂಕ್, ಪೂರ್ತಿ ಒಂದು ಸುತ್ತು ಬಂತು.

"ತಿರುಗ್ತು ಅಪ್ಪ!" ಅಂತ ಕೂಗಿದೆ. ಶೆಡ್ ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ ಅಜ್ಜಿ ಬೆಚ್ಚಿಬಿದ್ದರು. ಅಪ್ಪ ಮಾತ್ರ ಆರಾಮಾಗಿ ಹೇಳಿದರು, "ಎಂಜಿನ್ ಬಿಡೋ. ಅದನ್ನ ಯಾವಾಗ ಬೇಕಾದ್ರೂ ಬಿಚ್ಚಿ ಕಟ್ಟಬಹುದು. ಅಡಿಗೆ ಹೋಗಿ ನೋಡು."

ಅವರು ಹೇಳಿದ್ದೇ ಸರಿ. ಅಂಬಾಸಿಡರ್ ತರಹ ಇದಕ್ಕೂ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು. ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಸಿಲ್ ಇದರ ಬೆನ್ನುಮೂಳೆ. ಅದು ಒಂದೇ ತಗಡಲ್ಲ. ಹೊರಗೊಂದು, ನಡುವೆ ಒಂದು, ಒಳಗೊಂದು. ಮುಂದಿನ ಚಕ್ರ ಎಸೆದ ಕೆಸರು ಮಡ್‌ಗಾರ್ಡಿನ ಒಳಗೆ ಸೇರಿ, ಅಲ್ಲೇ ತೇವ ಹಿಡಿದು, ಒಳಗಿನಿಂದ ತಿನ್ನುತ್ತಾ ಬರುತ್ತೆ. ಹೊರಗೆ ಪೇಂಟ್ ಹೊಳೀತಾ ಇರುತ್ತೆ.

ಫ್ರಿಜ್ಜಿಗೆ ಅಂಟಿಸುವ ಒಂದು ಆಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಬಲಗಡೆ ಸಿಲ್ ಉದ್ದಕ್ಕೂ ಟಪ್ ಟಪ್ ಅಂತ ಹಿಡಿಯಿತು. ಎಡಗಡೆ ಅರ್ಧದ ತನಕ ಹಿಡಿದು, ಆಮೇಲೆ ಜಾರಿ ನೆಲಕ್ಕೆ ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ಸುಮಾರು ಒಂದು ಗೇಣಿನಷ್ಟು ಜಾಗ ಬರೀ ಪುಟ್ಟಿ, ತಗಡೇ ಇಲ್ಲ. ಜಾಕ್ ಕೊಟ್ಟು, ಮೇಲೆ ಮರದ ತುಂಡು ಇಟ್ಟು ಎತ್ತಿದೆ. ಬಲಗಡೆ ಕಾರು ಎದ್ದಿತು, ಬಾಗಿಲೂ ಎಲ್ಲೂ ಉಜ್ಜದೆ ತೆರೆಯಿತು. ಎಡಗಡೆ ಕಾರು ಏಳಲೇ ಇಲ್ಲ. ಕರಕರ ಅಂತ ಸದ್ದು ಮಾಡಿ ಮರದ ತುಂಡೇ ಒಳಗೆ ಹೋಯಿತು. ಕಂದು ಹಪ್ಪಳದಂಥ ಚೂರುಗಳು ನೆಲಕ್ಕೆ ಉದುರಿದವು. ಕೂಡಲೇ ಇಳಿಸಿದೆ.

ಅಜ್ಜಿ ಗ್ಲೋವ್ ಬಾಕ್ಸಿನಿಂದ ಒಂದು ಮಡಿಸಿದ ಕಾಗದ ತೆಗೆದು ಕೊಟ್ಟರು. 1997ರ ಎಂಒಟಿಯಲ್ಲಿ, ಅಂದರೆ ಕಾರು ರಸ್ತೆಗೆ ಯೋಗ್ಯವೇ ಅಂತ ಇಲ್ಲಿ ವರ್ಷ ವರ್ಷ ನಡೆಸುವ ಪರೀಕ್ಷೆಯಲ್ಲಿ, ಫೇಲಾದ ಚೀಟಿ. ಎಡಗಡೆ ಸಿಲ್ ತುಕ್ಕು ಅಂತ ಅದರಲ್ಲೇ ಬರೆದಿತ್ತು. "ಬರೋ ಬೇಸಿಗೆಗೆ ವೆಲ್ಡ್ ಮಾಡಿಸ್ತೀನಿ ಅಂತ ಪ್ರತೀ ವರ್ಷ ಹೇಳ್ತಿದ್ದರು" ಅಂದರು. ಮುಚ್ಚಿಡದೆ ಕೊಟ್ಟರಲ್ಲ, ಅವರ ಮೇಲೆ ಗೌರವ ಬಂತು.

ಉಳಿದದ್ದೆಲ್ಲ ನಿಂತ ಕಾರಿನಲ್ಲಿ ಇರುವಂಥದ್ದೇ. ಪೆಟ್ರೋಲ್ ವಾರ್ನಿಶ್ ವಾಸನೆ ಹೊಡೆಯುತ್ತಿದೆ. ಕ್ಲಚ್ ಪ್ಲೇಟ್ ಅಂಟಿದೆ. ಸೀಟಿನ ಹಿಂದಿನ ಎರಡು ಆರು ವೋಲ್ಟ್ ಬ್ಯಾಟರಿಗಳು ಒಡೆದಿವೆ. ಟೈರಿನ ಮೇಲಿನ ತಾರೀಖಿಗೆ ಮೂರೇ ಅಂಕೆ, ಅಂದರೆ 2000ಕ್ಕಿಂತ ಮುಂಚಿನವು. ಬ್ರೇಕು, ಪೆಟ್ರೋಲ್ ಪೈಪು ಪೂರ್ತಿ ಹೊಸದಾಗಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತೆ, ಹಳೇ ರಬ್ಬರನ್ನು ಅದು ತಿಂದುಹಾಕುತ್ತೆ. ಇನ್ನೊಂದು ವಿಷಯ ಬರುವಾಗ ದಾರಿಯಲ್ಲಿ ಹೊಳೆಯಿತು. ಇಲ್ಲಿ ಸೀಸ ಹಾಕಿದ ಪೆಟ್ರೋಲ್ ಮಾರಾಟ ನಿಂತದ್ದು 1999ರ ಕೊನೆಗೆ. ಹಳೇ ಎಂಜಿನ್ನಿನ ವಾಲ್ವ್ ಸೀಟ್, ಅಂದರೆ ವಾಲ್ವ್ ಬಂದು ಕೂರುವ ಅಂಚು, ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ. ಈ ಕಾರು ಅದಕ್ಕೂ ಮುಂಚೆಯೇ ನಿಂತಿದೆ. ಹಾಗಾಗಿ ವಾಲ್ವ್ ಸೀಟ್ ಹಳೇದೇ ಇರಬಹುದು. ಎಂಜಿನ್ ಹೆಡ್ ಇಳಿಸಿ ಗಟ್ಟಿ ಸೀಟ್ ಹಾಕಿಸುವುದೇ ಒಳ್ಳೇದು.

ರಾತ್ರಿ ಲೆಕ್ಕ ಹಾಕಿದೆ. ಎರಡೂ ಕಡೆ ಸಿಲ್ ಕೆಲಸಕ್ಕೆ ನನಗೆ ಗೊತ್ತಿರೋ ವೆಲ್ಡರ್ ಹೇಳಿದ್ದು 3,500. ಹೆಡ್, ಬ್ರೇಕ್, ಕ್ಲಚ್, ಟೈರ್ ಸೇರಿ ಇನ್ನೊಂದು ಎರಡು ಸಾವಿರ, ಅದೂ ಕೆಲಸ ನಾನೇ ಮಾಡಿದರೆ. ಕಾರಿನ ಬೆಲೆ ಬೇರೆ. "ಅಷ್ಟು ದುಡ್ಡಿಗೆ ಓಡೋ ಕಾರೇ ಸಿಗುತ್ತಲ್ಲ?" ಅಂದಳು ನನ್ನ ಹೆಂಡತಿ. ಸಿಗುತ್ತೆ. ಅವಳ ಲೆಕ್ಕದಲ್ಲಿ ತಪ್ಪಿಲ್ಲ. ಬೇರೆ ಯಾರಾದರೂ ನನ್ನನ್ನು ಕೇಳಿದರೆ ನಾನೂ ಓಡೋದನ್ನೇ ತಗೊಳ್ಳಿ ಅಂತೀನಿ.

ಅಕ್ಟೋಬರ್ 13, ಭಾನುವಾರ

ತಗೊಳ್ಳೋಣ ಅಂತ ತೀರ್ಮಾನ ಮಾಡಿದೆ.

ನಿನ್ನೆ ರಾತ್ರಿ ಲೆಕ್ಕ ನೋಡಿ ಬೇಡ ಅಂದುಕೊಂಡೇ ಮಲಗಿದ್ದೆ. ಬೆಳಿಗ್ಗೆ ಅಪ್ಪನಿಗೆ ಅದನ್ನೇ ಹೇಳೋಕೆ ಫೋನ್ ಮಾಡಿದೆ. ನಾನು ಬಾಯಿ ತೆಗೆಯುವ ಮುಂಚೆ ಅವರು ಟ್ಯಾಪೆಟ್ ಸೆಟ್ ಮಾಡೋದು, ಅಂದರೆ ವಾಲ್ವಿನ ಸಂದನ್ನು ಫೀಲರ್ ಗೇಜಿನ ತೆಳು ಪಟ್ಟಿಯಿಂದ ಅಳೆದು ಸರಿಮಾಡೋದು, ಹೇಳಿಕೊಡೋಕೆ ಶುರು ಮಾಡಿದರು. "ಒಂಬತ್ತರ ಲೆಕ್ಕ ನೆನಪಿಟ್ಕೋ. ಎಂಟನೇ ವಾಲ್ವ್ ಪೂರ್ತಿ ಕೆಳಗಿದ್ದಾಗ ಒಂದನೇದು ಸೆಟ್ ಮಾಡು. ಆರು ಕೆಳಗಿದ್ರೆ ಮೂರು. ಎರಡೂ ಕೂಡಿದ್ರೆ ಒಂಬತ್ತು ಬರಬೇಕು. ಇದಕ್ಕೂ ಅದೇ, ಅದಕ್ಕೂ ಅದೇ." ನಲವತ್ತು ನಿಮಿಷ ಮಾತಾಡಿದರು. ಈಚೆಗೆ ಅವರು ನನ್ನ ಹತ್ತಿರ ಇಷ್ಟು ಹೊತ್ತು ಮಾತಾಡಿದ್ದೇ ಇಲ್ಲ.

ಅವರಿಗೆ ಈಗ 76. ಅವರ ಕೈಯಲ್ಲಿದ್ದ ಕೆಲಸದಲ್ಲಿ ಒಂದನ್ನೂ ನಾನು ಕಲಿಯಲಿಲ್ಲ. ನೀನು ಓದು, ಕೈಗೆ ಗ್ರೀಸ್ ಹಚ್ಚಿಕೋಬೇಡ ಅಂತ ಅವರೇ ದೂರ ಇಟ್ಟಿದ್ದರು. ಓಡೋ ಕಾರು ತಗೊಂಡರೆ ಅವರನ್ನು ಕೇಳೋಕೆ ಏನಿರುತ್ತೆ?

ಅಜ್ಜಿಗೆ ಫೋನ್ ಮಾಡಿ ಎಡಗಡೆ ಸಿಲ್ಲಿನ ಸ್ಥಿತಿ ಬಿಡಿಸಿ ಹೇಳಿದೆ. 1,800 ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಓಡೋ ಹಾಗಾದ ದಿನ ಒಂದು ಸಲ ಇಲ್ಲಿಗೆ ತರ್ತೀಯಾ?" ಅಂತ ಕೇಳಿದರು. ತರ್ತೀನಿ ಅಂತ ಮಾತು ಕೊಟ್ಟೆ.

ಗ್ಯಾರೇಜಿನಿಂದ ಹಳೇ ಸೋಫಾ ಹೊರಗೆ ಹಾಕಿ ಅಳತೆ ತೆಗೆದೆ. ಕಾರಿನ ಉದ್ದ ನಾಲ್ಕು ಮೀಟರಿಗೂ ಕಡಿಮೆ. ಸುತ್ತ ನಿಂತು ಕೆಲಸ ಮಾಡೋಕೆ ಜಾಗ ಆಗುತ್ತೆ. ಟ್ರೇಲರ್ ಮುಂದಿನ ಶನಿವಾರ ಬರುತ್ತೆ. ಸಂಜೆ ಅಪ್ಪನಿಂದ ಮತ್ತೆ ಫೋನ್.

"ಫೀಲರ್ ಗೇಜ್ ಇದೆಯೇನೋ?"

ಇಲ್ಲ ಅಂದೆ.

"ಮೊದಲು ಅದನ್ನ ತಗೋ."