ಪೇಸ್ಟುಮ್‌ನ ಎಮ್ಮೆ, ಅವ್ವನ ಹೆಪ್ಪು

ಆಗಸ್ಟ್ ರಜೆಗೆ ಇಟಲಿಯ ಕಡಲಿಗೆ ಹೋಗ್ತೀವಿ ಅಂದಾಗ ಮ್ಯೂನಿಕ್‌ನ ಗೆಳೆಯರೆಲ್ಲ ಕೇಳಿದ್ದು ಒಂದೇ, "ಅಮಾಲ್ಫಿಗಾ?" ಅಲ್ಲ, ಚಿಲೆಂತೊಗೆ. ಸಲೆರ್ನೊ ಕೊಲ್ಲಿಯ ಉತ್ತರಕ್ಕೆ ಅಮಾಲ್ಫಿ, ದಕ್ಷಿಣಕ್ಕೆ ಚಿಲೆಂತೊ. ಹೊರದೇಶದವರು ಬಹುತೇಕ ಆ ಕಡೆಗೇ ತಿರುಗಿಬಿಡುತ್ತಾರೆ. ಈ ಕಡೆ ಬರುವವರು ಹೆಚ್ಚಾಗಿ ನೇಪಲ್ಸ್‌ನ ಸಂಸಾರಗಳು, ಅಜ್ಜ ಅಜ್ಜಿ, ಗಂಟುಮೂಟೆ ಸಮೇತ. ನಾವೂ ಹಾಗೇ ಹೋದೆವು: ನಾನು, ನನ್ನ ಗಂಡ, ಇಬ್ಬರು ಮಕ್ಕಳು, ಮೂರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ಅವ್ವ.

ಅಗ್ರೊಪೊಲಿ ಊರಲ್ಲಿ ಮನೆ ಹಿಡಿದಿದ್ದೆವು. ಕಡಲ ದಂಡೆಯಲ್ಲಿ ಸಾಲು ಸಾಲು ಬಾಡಿಗೆ ಕೊಡೆಗಳು, ಒರಗು ಕುರ್ಚಿಗಳು. ಪಕ್ಕದಲ್ಲೇ ಒಂದು ತುಂಡು ದಂಡೆಗೆ ದುಡ್ಡಿಲ್ಲ. ನಾವು ಚಾಪೆ ಹಾಸಿದ್ದು ಅಲ್ಲಿ. ಇಲ್ಲಿನ ಅಜ್ಜಿಯರು ಈಜುವುದಿಲ್ಲ. ಸೊಂಟದ ಮಟ್ಟ ನೀರಲ್ಲಿ ದುಂಡಗೆ ನಿಂತು ಗಂಟೆಗಟ್ಟಲೆ ಮಾತಾಡುತ್ತಾರೆ. ನಮ್ಮಲ್ಲಿ ಕಟ್ಟೆಯ ಮೇಲೆ ನಡೆಯೋದು ಇಲ್ಲಿ ನೀರೊಳಗೆ ನಡೆಯುತ್ತದೆ, ಅಷ್ಟೇ. ಎರಡನೇ ದಿನ ನೋಡುತ್ತೇನೆ, ಅವ್ವ ಸೀರೆ ಎತ್ತಿಕಟ್ಟಿ ಮೊಣಕಾಲ ನೀರಲ್ಲಿ ಆ ಗುಂಪಿನ ಅಂಚಿಗೆ ನಿಂತಿದ್ದಾಳೆ. ಭಾಷೆ ಇಲ್ಲ. ತಲೆ ಮಾತ್ರ ಆಡುತ್ತಿದೆ.

ಮಧ್ಯಾಹ್ನ ಒಂದಾದರೆ ಅಂಗಡಿಗಳೆಲ್ಲ ಬಂದ್. ಸಂಜೆ ಐದರ ತನಕ ಒಂದು ಬಾಟಲಿ ನೀರೂ ಸಿಗಲಿಲ್ಲ ಅಂತ ನನ್ನ ಗಂಡ ಗೊಣಗಿದ. ಅವ್ವನಿಗೆ ಇದರಲ್ಲಿ ವಿಶೇಷ ಏನೂ ಕಾಣಲಿಲ್ಲ. "ಉಂಡು ಮಲಗಬೇಕಲ್ಲ ಪಾಪ," ಅಂದಳು.

ಮೂರನೇ ದಿನ ರೈಲಲ್ಲಿ ಪೇಸ್ಟುಮ್‌ಗೆ ಹೋದೆವು. ಗ್ರೀಕರು ಕಟ್ಟಿದ ಮೂರು ದೊಡ್ಡ ಗುಡಿಗಳು ಸುಮಾರು 2,500 ವರ್ಷದಿಂದ ಅಲ್ಲಿ ನಿಂತಿವೆ. 1998ರಿಂದ ಯುನೆಸ್ಕೊ ಪಟ್ಟಿಯಲ್ಲೂ ಇವೆ. ಬಿಸಿಲು ಅಂದರೆ ಬಿಸಿಲು. ಮೆಟ್ಟಿಲ ಹತ್ತಿರ ಅವ್ವ ಚಪ್ಪಲಿ ಬಿಟ್ಟಳು. ಒಳಗೆ ದೇವರಿಲ್ಲ ಅಂದೆ. "ಐಹೊಳಿಯಾಗೂ ಇಲ್ಲ," ಅಂದಳು. ಕಾಲು ಸುಟ್ಟ ಮೇಲೆ ಮತ್ತೆ ಹಾಕಿಕೊಂಡಳು.

ಗುಡಿಗಳ ಸುತ್ತ ಇದ್ದ ಹಳೇ ಊರು ಖಾಲಿಯಾಗಿದ್ದಕ್ಕೆ ಒಂದು ಕಾರಣ ಜೌಗು, ಮಲೇರಿಯಾ. ಸೆಲೆ ನದಿಯ ಬಯಲೆಲ್ಲ ಕೆಸರಾಗಿ ಜನ ಗುಡ್ಡ ಹತ್ತಿದರು. ಆ ಕೆಸರು ಯಾರಿಗೆ ಹಿಡಿಸಿತು ಗೊತ್ತಾ? ಎಮ್ಮೆಗಳಿಗೆ. ಜೌಗು ಬತ್ತಿಸಿ ಎಷ್ಟೋ ಕಾಲವಾಯಿತು, ಎಮ್ಮೆಗಳು ಮಾತ್ರ ಹೋಗಲಿಲ್ಲ. ಗುಡಿಗಳಿಂದ ಸ್ವಲ್ಪ ದೂರದ ಒಂದು ಕೊಟ್ಟಿಗೆಗೆ ಹೋದರೆ ನೂರಾರು ಎಮ್ಮೆ, ಮೈತುಂಬ ರಾಡಿ.

"ಅಯ್ಯ, ಇವು ನಮ್ಮ ಎಮ್ಮಿನ ಅಲ್ಲೇನ!"

ಇಡೀ ಯುರೋಪಿನಲ್ಲಿ ಅವ್ವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ಧಾರವಾಡದಲ್ಲಿ ಗೌಳಿಗರ ಮನೆಯ ಎಮ್ಮೆ ಹಾಲಲ್ಲೇ ನಮ್ಮನ್ನೆಲ್ಲ ಬೆಳೆಸಿದವಳು. ಗಾಜಿನ ಆಚೆ ಎಮ್ಮೆ ಹಾಲಿನ ಚೀಸ್, ಮೊಜ್ಜರೆಲ್ಲಾ ಮಾಡುತ್ತಿದ್ದರು. ಒಡೆದ ಹಾಲಿನ ಗಟ್ಟಿಯನ್ನು ಕುದಿನೀರಲ್ಲಿ ನಾದಿ, ಎಳೆದು, ಎರಡು ಬೆರಳಲ್ಲಿ ಚಿವುಟಿ ಉಂಡೆ ಮಾಡುತ್ತಾರೆ. ಹಾಗೆ ಚಿವುಟಿ ಕತ್ತರಿಸೋದಕ್ಕೆ 'ಮೊಜ್ಜಾರೆ' ಅನ್ನುತ್ತಾರೆ, ಹೆಸರು ಬಂದಿದ್ದು ಅದರಿಂದಲೇ. ಅವ್ವ ಎರಡು ಉಂಡೆ ತಿಂದಳು. ಮಾರನೇ ದಿನವೂ ತರಿಸಿದಳು.

ಇಲ್ಲಿ ನನ್ನ ತಪ್ಪಿದೆ. ನಾವು ಲಿಂಗಾಯತರು, ಅವ್ವ ಮೊಟ್ಟೆ ಹಾಕಿದ ಬಿಸ್ಕತ್ತನ್ನೂ ಮುಟ್ಟುವುದಿಲ್ಲ. ಈ ಭಾಗದ ಅಸಲಿ ಮೊಜ್ಜರೆಲ್ಲಾಗೆ ಹಾಲು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ನಿಯಮವೇ ಹಾಗಿದೆ. ಮ್ಯೂನಿಕ್‌ನಲ್ಲಿ ಚೀಟಿ ಓದಿಯೇ ಚೀಸ್ ತರುವ ನಾನು ಅಲ್ಲಿ ಸುಮ್ನೆ ಇದ್ದುಬಿಟ್ಟೆ. ಅವಳ ಆ ಖುಷಿ ನೋಡಿ ಬಾಯಿ ಬರಲಿಲ್ಲ.

ಮಧ್ಯೆ ಆಗಸ್ಟ್ 15 ಬಂತು. ಅವತ್ತು ಇಟಲಿಗೂ ದೊಡ್ಡ ರಜೆ. ಆಕಾಶದಲ್ಲಿ ಪಟಾಕಿ ಸಿಡಿದಾಗ ನಮ್ಮ ಸ್ವಾತಂತ್ರ್ಯ ದಿನಕ್ಕೇ ಅಂತ ಮಗ ನಂಬಿದ, ನಾವೂ ತಿದ್ದಲಿಲ್ಲ. ಪಿಯೊಪ್ಪಿ ಅನ್ನುವ ಹಳ್ಳಿಗೂ ಹೋಗಿಬಂದೆವು. ಆನ್ಸೆಲ್ ಕೀಸ್ ಅನ್ನುವ ಅಮೆರಿಕದ ವಿಜ್ಞಾನಿ ಅಲ್ಲಿ ಬಹಳ ವರ್ಷ ಇದ್ದು ಇಲ್ಲಿಯವರ ಊಟದ ಬಗ್ಗೆ ಬರೆದ, ತಾನೂ ನೂರು ದಾಟಿ 2004ರಲ್ಲಿ ತೀರಿಕೊಂಡ. ಏನು ತಿನ್ನುತ್ತಿದ್ದರಂತೆ? ಕಾಳು, ತರಕಾರಿ, ರೊಟ್ಟಿ, ಎಣ್ಣೆ, ಒಂದಿಷ್ಟು ಮೀನು. "ಮೀನು ಬಿಟ್ಟರ ನಮ್ಮ ಊಟನ. ಇದನ್ನ ಹೇಳಾಕ ಅಮೇರಿಕಾದಿಂದ ಬರಬೇಕಾಗಿತ್ತೇನ?" ಅಂದಳು ಅವ್ವ.

ಕೊನೆಗೆ ಗುಟ್ಟು ರಟ್ಟು ಮಾಡಿದವಳು ಮಗಳು. ಪೊಟ್ಟಣದ ಮೇಲಿನ ಇಟಾಲಿಯನ್ನನ್ನು ಫೋನಿಗೆ ತೋರಿಸಿ ಜೋರಾಗಿ ಓದಿದಳು. ಅವ್ವ ತಟ್ಟೆ ಸರಿಸಿದಳು.

"ನಿನಗ ಮೊದ್ಲ ಗೊತ್ತಿತ್ತೇನ?"

ಹೂಂ ಅಂದೆ.

"ಹೇಳಬೇಕೋ ಬ್ಯಾಡೋ?"

ಅವತ್ತು ರಾತ್ರಿ ನನ್ನ ಜೊತೆ ಮಾತಿಲ್ಲ. ಬೆಳಿಗ್ಗೆ ತಾನೇ ಚಪ್ಪಲಿ ಮೆಟ್ಟಿಕೊಂಡು ಕೇಳಿದಳು, "ಅಲ್ಲೆ ಮೊಸರು ಸಿಗತದೇನ? ಅದಕ್ಕರ ಕರು ಬೇಕಾಗಿಲ್ಲಲ್ಲ?" ಸಿಗುತ್ತಿತ್ತು, ಎಮ್ಮೆ ಹಾಲಿನದೇ. ಗಾಜಿನ ಬಾಟಲಿ ಓರೆ ಮಾಡಿದರೂ ಅಲುಗಲಿಲ್ಲ, ಅಷ್ಟು ಗಟ್ಟಿ. ಉಳಿದ ನಾಲ್ಕು ದಿನವೂ ಅನ್ನ, ಮೊಸರು, ಊರಿಂದ ತಂದ ಶೇಂಗಾ ಚಟ್ನಿಪುಡಿ. ಹೊರಡುವ ಮುಂಚೆ ಎರಡು ಚಮಚ ಮೊಸರನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮೂರು ಪ್ಲಾಸ್ಟಿಕ್ ಚೀಲ ಸುತ್ತಿ, ಸೂಟ್‌ಕೇಸಿನಲ್ಲಿ ನನ್ನ ಒಳ್ಳೆಯ ಬಟ್ಟೆಗಳ ನಡುವೆ ಇಟ್ಟಳು.

ಅದೇ ಹೆಪ್ಪು ಇನ್ನೂ ನಮ್ಮ ಮನೆಯಲ್ಲಿ ನಡೆದಿದೆ. ಇಲ್ಲಿ ಸಿಗೋದು ಆಕಳ ಹಾಲು, ಮೊಸರು ತೆಳ್ಳಗಾಗುತ್ತದೆ. ವಾರಕ್ಕೊಮ್ಮೆ ಅವ್ವ ವಿಡಿಯೋ ಕಾಲ್‌ನಲ್ಲಿ ಪಾತ್ರೆ ಓರೆ ಮಾಡಿ ತೋರಿಸು ಅನ್ನುತ್ತಾಳೆ.