ಫೆನ್ವೇ ಪಾರ್ಕಿನಲ್ಲಿ ಬೇಸ್‌ಬಾಲ್: ಟಿಕೆಟ್ ಕೊಳ್ಳುವ ಮೊದಲು ಕಂಬ ಎಲ್ಲಿದೆ ನೋಡಿಕೊಳ್ಳಿ

ಬೇಸಿಗೆಯಲ್ಲಿ ಬಾಸ್ಟನ್ನಿಗೆ ಬರುವ ಕನ್ನಡಿಗರಲ್ಲಿ ಅನೇಕರು ಹಾರ್ವರ್ಡ್, ಎಂಐಟಿ ಮತ್ತು ಬಂದರಿನ ಜೊತೆಗೆ ಫೆನ್ವೇ ಪಾರ್ಕಿನ ಒಂದು ಪಂದ್ಯವನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಂಡಿರುತ್ತಾರೆ. ಅದು ಸರಿಯಾದ ಆಯ್ಕೆಯೇ. 1912ರ ಏಪ್ರಿಲ್‌ನಲ್ಲಿ ಆರಂಭವಾದ, ಬಾಸ್ಟನ್ನಿನ ರೆಡ್ ಸಾಕ್ಸ್ ತಂಡದ ತವರಾದ ಈ ಕ್ರೀಡಾಂಗಣ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಇಂದಿಗೂ ಬಳಕೆಯಲ್ಲಿರುವ ಅತ್ಯಂತ ಹಳೆಯ ಅಂಗಣ; ಬೇಬ್ ರೂತ್, ಟೆಡ್ ವಿಲಿಯಮ್ಸ್‌ರಂಥ ಹೆಸರಾಂತ ಆಟಗಾರರು ಆಡಿದ ನೆಲ ಇದು. ಆದರೆ ಹೊಸ ಕ್ರೀಡಾಂಗಣಗಳಲ್ಲಿ ಟಿಕೆಟ್ ಕೊಂಡು ರೂಢಿಯಾದವರು ಇಲ್ಲಿಯೂ ಅದೇ ರೀತಿ ಅಗ್ಗದ ಒಂದು ಆಸನವನ್ನು ಪರದೆಯ ಮೇಲೆ ಒತ್ತಿ ಖರೀದಿಸಿದರೆ, ಮೂರು ಗಂಟೆಗಳ ಕಾಲ ಆಟಕ್ಕಿಂತ ಹೆಚ್ಚಾಗಿ ಒಂದು ಉಕ್ಕಿನ ಕಂಬವನ್ನೇ ನೋಡಿ ಹಿಂದಿರುಗುವ ಸಾಧ್ಯತೆ ಇದೆ. ಬಾಸ್ಟನ್ನಿನ ಆಸುಪಾಸಿನಲ್ಲೇ ವಾಸಿಸುತ್ತ, ಊರಿನಿಂದ ಬಂದ ನೆಂಟರನ್ನೂ ಸ್ನೇಹಿತರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ ಬಂದಿರುವ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಕಂಬಗಳು ಅಲ್ಲಿರುವುದಕ್ಕೆ ಕಾರಣವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರೇಕ್ಷಕರ ತಲೆಯ ಮೇಲಿನ ಚಾವಣಿಯನ್ನು ಹೊರಲು ಆಸನಗಳ ನಡುವೆಯೇ ಉಕ್ಕಿನ ಕಂಬಗಳನ್ನು ನಿಲ್ಲಿಸುವುದು ವಾಡಿಕೆಯಾಗಿತ್ತು. ಮುಂದೆ ಆಧಾರವಿಲ್ಲದೆ ಚಾಚಿಕೊಳ್ಳುವ ಚಾವಣಿಗಳು ಕ್ರೀಡಾಂಗಣಗಳಿಗೆ ಬಂದದ್ದು ಆಮೇಲೆ. ಟಾಮ್ ಯಾಕಿ ಎಂಬ ಶ್ರೀಮಂತರು 1933ರಲ್ಲಿ ರೆಡ್ ಸಾಕ್ಸ್ ತಂಡವನ್ನು ಕೊಂಡು, ಅಂಗಣವನ್ನು ನವೀಕರಿಸಿ 1934ರಲ್ಲಿ ಮತ್ತೆ ತೆರೆದಾಗಲೂ ಕಂಬಗಳು ಉಳಿದುಕೊಂಡವು. ಇದನ್ನು ಬಿಟ್ಟು ಹೊಸದನ್ನು ಕಟ್ಟುವ ಯೋಜನೆಯೊಂದು 1999ರಲ್ಲಿ ಬಂದಿತ್ತು. ಮುಂದೆ ಅದನ್ನು ಕೈಬಿಟ್ಟು ಹಳೆಯದನ್ನೇ ದುರಸ್ತಿ ಮಾಡಿಕೊಂಡು ಬರಲಾಯಿತು. 2012ರಲ್ಲಿ ಇದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೂ ಸೇರಿತು. ಹಾಗಾಗಿ ಕಂಬಗಳು ಹೋಗುವುದಿಲ್ಲ, ನಾವೇ ಅವುಗಳನ್ನು ತಪ್ಪಿಸಿಕೊಂಡು ಕೂರಬೇಕು.

ಕಂಬದ ಹಿಂದೆ ಕುಳಿತು ಬೇಸ್‌ಬಾಲ್ ನೋಡುವುದು ಏಕೆ ಅಷ್ಟು ಕಷ್ಟ ಎಂಬುದು ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಲಿಗೆ ಹೊಳೆಯದಿರಬಹುದು. ಬೇಸ್‌ಬಾಲ್‌ನ ಜೀವವೆಲ್ಲ ಇರುವುದು ಚೆಂಡೆಸೆಯುವ ಪಿಚರ್ ಮತ್ತು ಅದನ್ನು ಹೊಡೆಯುವ ಬ್ಯಾಟರ್ ನಡುವಿನ ಅರವತ್ತು ಅಡಿಗಳಲ್ಲಿ. ಚೆಂಡು ಆ ದೂರವನ್ನು ಅರ್ಧ ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಕ್ರಮಿಸುತ್ತದೆ. ಕಂಬವು ಈ ಇಬ್ಬರಲ್ಲಿ ಒಬ್ಬರನ್ನು ಮರೆಮಾಡಿದರೂ ಆಟ ಅರ್ಧಕ್ಕರ್ಧ ಹೋದಂತೆಯೇ. ಪಿಚರ್ ತೋಳೆತ್ತಿದ್ದು ಕಾಣುತ್ತದೆ. ಆಮೇಲೆ ಬ್ಯಾಟಿನ ಸದ್ದು ಮಾತ್ರ ಕೇಳುತ್ತದೆ. ಚೆಂಡು ಎತ್ತ ಹೋಯಿತೆಂಬುದನ್ನು ಮುಂದಿನ ಸಾಲಿನವರ ತಲೆಗಳು ತಿರುಗಿದ ದಿಕ್ಕನ್ನು ನೋಡಿ ಊಹಿಸಬೇಕಾಗುತ್ತದೆ. ಅಂತಹ ಒಂದು ಆಸನದಲ್ಲಿ ನಾನು ಕುಳಿತಿದ್ದಾಗ, ನನ್ನ ಎಡಬಲದಲ್ಲಿದ್ದವರೂ ನಾನೂ ಪ್ರತಿ ಎಸೆತಕ್ಕೂ ಒಟ್ಟಾಗಿ ಎಡಕ್ಕೆ ವಾಲಿ, ಎಸೆತ ಮುಗಿದ ಮೇಲೆ ಒಟ್ಟಾಗಿ ನೆಟ್ಟಗಾಗುತ್ತಿದ್ದೆವು. ಒಂಬತ್ತು ಇನ್ನಿಂಗ್ಸ್‌ಗಳ ಆಟದಲ್ಲಿ ಐದನೆಯದರ ಹೊತ್ತಿಗೇ ಸೊಂಟ ಹಿಡಿದುಕೊಂಡಿತ್ತು.

ದೃಷ್ಟಿಗೆ ಅಡಚಣೆ ಇರುವ ಆಸನ ಎಂಬ ಸೂಚನೆ ಮೂಲ ಟಿಕೆಟ್ಟಿನ ಮೇಲೆ ಸಾಮಾನ್ಯವಾಗಿ ಇರುತ್ತದೆ. ಮರುಮಾರಾಟದ ತಾಣಗಳಲ್ಲಿ ಕೊಳ್ಳುವಾಗ ಆ ಸೂಚನೆ ಸಣ್ಣ ಅಕ್ಷರಗಳಲ್ಲಿ ಎಲ್ಲೋ ಅಡಗಿರಬಹುದು ಅಥವಾ ಕಾಣಿಸದೆಯೇ ಇರಬಹುದು. ಆದ್ದರಿಂದ ಹಣ ಕಟ್ಟುವ ಮೊದಲು, ಪ್ರೇಕ್ಷಕರು ತಮ್ಮ ಆಸನದಿಂದ ತೆಗೆದ ಫೋಟೋಗಳನ್ನು ಸೆಕ್ಷನ್, ಸಾಲು ಸಮೇತ ಹಾಕುವ ಜಾಲತಾಣಗಳಲ್ಲಿ ನಿಮ್ಮ ಸೆಕ್ಷನ್ನಿನ ನೋಟವನ್ನು ಹುಡುಕಿ ನೋಡಿ. ಅಂಗಣದ ನಕ್ಷೆಯಲ್ಲಿ ಎಲ್ಲ ಆಸನಗಳೂ ಒಂದೇ ಬಗೆಯ ಚುಕ್ಕೆಗಳಾಗಿ ಕಾಣುತ್ತವೆ. ಕಂಬ ಕಾಣುವುದು ಫೋಟೋದಲ್ಲಿ ಮಾತ್ರ. ಎರಡು ಆಸನಗಳ ಅಂತರದಲ್ಲೇ ನೋಟ ಪೂರ್ತಿ ಬದಲಾಗುವುದರಿಂದ, ಆಸನದ ಸಂಖ್ಯೆಯನ್ನು ತೋರಿಸದ ಟಿಕೆಟ್ಟನ್ನು ಚಾವಣಿಯಡಿಯ, ಕಂಬಗಳಿರುವ ಗ್ರ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಕೊಳ್ಳದಿರುವುದೇ ಒಳ್ಳೆಯದು.

ಕಂಬಕ್ಕಿಂತ ಕಡಿಮೆ ಚರ್ಚೆಯಾಗುವ, ಆದರೆ ನನ್ನ ಅಭಿಪ್ರಾಯದಲ್ಲಿ ಹೆಚ್ಚು ಕಾಡುವ ತೊಂದರೆ ಆಸನಗಳ ದಿಕ್ಕಿನದು. ಬ್ಯಾಟರನ ಕಡೆಯಿಂದ ನೋಡಿದರೆ ಬಲಕ್ಕೆ ಬರುವ ರೈಟ್ ಫೀಲ್ಡ್ ಮೂಲೆಯಲ್ಲಿರುವ, ಒಂದರಿಂದ ಹೆಚ್ಚುಕಡಿಮೆ ಎಂಟರವರೆಗಿನ ಗ್ರ್ಯಾಂಡ್‌ಸ್ಟ್ಯಾಂಡ್ ಸೆಕ್ಷನ್‌ಗಳ ಆಸನಗಳು ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಕಡೆಗೆ ಮುಖ ಮಾಡಿಲ್ಲ. ನೇರವಾಗಿ ಕುಳಿತರೆ ಕಾಣುವುದು ಆಟದ ಅಂಗಣದ ಹೊರವಲಯ, ಅಂದರೆ ಔಟ್‌ಫೀಲ್ಡ್. ಬ್ಯಾಟರನನ್ನು ನೋಡಬೇಕೆಂದರೆ ಇಡೀ ಪಂದ್ಯ ಕತ್ತನ್ನು ಎಡಕ್ಕೆ ತಿರುಗಿಸಿಕೊಂಡೇ ಕೂರಬೇಕು, ನೋಟದ ಹಾದಿಯಲ್ಲಿ ಪಕ್ಕದವರ ತಲೆಯೂ ಅಡ್ಡ ಬರುತ್ತದೆ. ಕತ್ತು ನೋವಿರುವವರು ಈ ಭಾಗವನ್ನು ಬಿಟ್ಟುಬಿಡಿ. ಟಿಕೆಟ್ ದರ ಕಡಿಮೆ ಇದ್ದರೂ ಇಲ್ಲಿ ಕೂರುವುದಕ್ಕಿಂತ ಔಟ್‌ಫೀಲ್ಡ್ ಹಿಂದಿನ ತೆರೆದ ಆಸನಗಳಾದ ಬ್ಲೀಚರ್ಸ್‌ನಲ್ಲಿ ದೂರ ಕೂರುವುದು ಮೇಲು.

ಗ್ರ್ಯಾಂಡ್‌ಸ್ಟ್ಯಾಂಡಿನ ನೀಲಿ ಬಣ್ಣದ ಮರದ ಆಸನಗಳು 1934ರ ನವೀಕರಣದ ಕಾಲದವು. ಅಗಲ ಸುಮಾರು ಹದಿನೈದು ಇಂಚು. ಮೇಲಿಂದ ಮೇಲೆ ಬಳಿದ ಬಣ್ಣದಿಂದ ಮರದ ಪಟ್ಟಿಗಳ ಅಂಚುಗಳು ನುಣುಪಾಗಿವೆ, ಮುಟ್ಟಿದರೆ ಇತಿಹಾಸವನ್ನು ಮುಟ್ಟಿದ ಸಂತೋಷವಾಗುತ್ತದೆ. ಆದರೆ ಎತ್ತರದವರ ಮೊಣಕಾಲು ಮುಂದಿನ ಆಸನದ ಬೆನ್ನಿಗೆ ಒತ್ತಿಕೊಂಡೇ ಇರುತ್ತದೆ, ಪಕ್ಕದವರ ಭುಜಕ್ಕೆ ನಿಮ್ಮ ಭುಜ ತಾಗುತ್ತಲೇ ಇರುತ್ತದೆ. ಸಾಲಿನ ನಡುವೆ ಇರುವವರು ಒಮ್ಮೆ ಹೊರಗೆ ಹೋಗಿ ಬರಬೇಕೆಂದರೆ ಅಷ್ಟೂ ಮಂದಿ ಎದ್ದು ನಿಲ್ಲಬೇಕು. ಸಾಲಿನ ತುದಿಯ ಆಸನಕ್ಕೆ ಕೆಲವು ಡಾಲರ್ ಹೆಚ್ಚಾದರೂ ಕೊಡಿ. ಹಿಂದಿನ ಸಾಲುಗಳಲ್ಲಿ ಇನ್ನೊಂದು ಸಮಸ್ಯೆ ಇದೆ: ಚಾವಣಿ ತಗ್ಗಾಗಿರುವುದರಿಂದ ಎತ್ತರಕ್ಕೆ ಹೋದ ಚೆಂಡು ಕಣ್ಣಿನಿಂದ ಮರೆಯಾಗಿ, ಕೆಳಗೆ ಬಂದಾಗಲಷ್ಟೇ ಮತ್ತೆ ಕಾಣುತ್ತದೆ. ಎಡಗಡೆಯ ಲೆಫ್ಟ್ ಫೀಲ್ಡ್‌ನಲ್ಲಿರುವ, ಗ್ರೀನ್ ಮಾನ್‌ಸ್ಟರ್ ಎಂದು ಕರೆಯುವ ಎತ್ತರದ ಹಸಿರು ಗೋಡೆಯನ್ನು ಚೆಂಡು ದಾಟುತ್ತದೋ ಇಲ್ಲವೋ ಎಂಬ ಆ ಕ್ಷಣಕ್ಕಾಗಿಯೇ ಜನ ಇಲ್ಲಿಗೆ ಬರುವುದು, ಆ ಕ್ಷಣವೇ ಚಾವಣಿಯ ಪಾಲಾದರೆ ಬೇಸರವಾಗದೆ ಇರುವುದಿಲ್ಲ.

ಹಾಗಾದರೆ ಎಲ್ಲಿ ಕೂರಬೇಕು? ಹಣದ ಚಿಂತೆ ಇಲ್ಲದಿದ್ದರೆ ಮೂರನೇ ಬೇಸ್ ಅಥವಾ ಹೋಮ್ ಪ್ಲೇಟಿನ ಹಿಂದಿನ, ಲೋಜ್ ಬಾಕ್ಸ್ ಎಂದು ಕರೆಯುವ ಆಸನಗಳು. ಅವು ಕಂಬಗಳಿಗಿಂತ ಮುಂದಿವೆ, ಆಟ ತೀರ ಹತ್ತಿರದಿಂದ ಕಾಣುತ್ತದೆ, ಮತ್ತು ಈ ಹತ್ತಿರವೇ ಹಳೆಯ ಅಂಗಣದ ನಿಜವಾದ ಸಂಪತ್ತು. ಓಡಾಟದ ಹಾದಿಗೆ ತಾಗಿದ ಮೊದಲ ಸಾಲುಗಳನ್ನು ಮಾತ್ರ ಬಿಡಿ, ಏಕೆಂದರೆ ಕೈಯಲ್ಲಿ ತಿಂಡಿ ಹಿಡಿದವರು ಪಂದ್ಯದುದ್ದಕ್ಕೂ ಕಣ್ಣೆದುರು ನಡೆದಾಡುತ್ತಿರುತ್ತಾರೆ. ಗ್ರೀನ್ ಮಾನ್‌ಸ್ಟರ್ ಮೇಲೆ 2003ರಲ್ಲಿ ಹಾಕಿದ ಆಸನಗಳು ಬಹಳ ದುಬಾರಿ. ಮಧ್ಯಮ ಖರ್ಚಿನವರಿಗೆ ನಾನು ಸೂಚಿಸುವುದು ಬ್ಲೀಚರ್ಸ್ ಅನ್ನು. ಅಲ್ಲಿಂದ ಬ್ಯಾಟರ್ ದೂರ, ನಿಜ. ಆದರೆ ಒಂದೂ ಕಂಬವಿಲ್ಲ, 37 ಅಡಿ ಎತ್ತರದ ಹಸಿರು ಗೋಡೆ ಮತ್ತು ಅದರ ಬುಡದಲ್ಲಿ ಇಂದಿಗೂ ಕೈಯಿಂದಲೇ ಅಂಕಿ ಬದಲಿಸುವ ಸ್ಕೋರ್‌ಬೋರ್ಡ್ ಕಾಣುತ್ತವೆ. 1946ರ ಜೂನ್ 9ರಂದು ಟೆಡ್ ವಿಲಿಯಮ್ಸ್ ಹೊಡೆದ, 502 ಅಡಿ ದೂರ ಹೋಯಿತೆಂದು ದಾಖಲಾಗಿರುವ ಚೆಂಡು ಬಿದ್ದ ಜಾಗದಲ್ಲಿ ಒಂಟಿ ಕೆಂಪು ಆಸನವೊಂದಿದೆ. ಅದು ಇರುವುದೂ ಇಲ್ಲೇ, 42ನೇ ಸೆಕ್ಷನ್ನಿನ 37ನೇ ಸಾಲಿನಲ್ಲಿ. ಅಲ್ಲಿ ನಿಂತು ಹೋಮ್ ಪ್ಲೇಟಿನ ಕಡೆ ನೋಡಿದರೆ ಆ ಹೊಡೆತವನ್ನು ನಂಬುವುದು ಕಷ್ಟವಾಗುತ್ತದೆ.

ಬ್ಲೀಚರ್ಸ್‌ಗೆ ಚಾವಣಿ ಇಲ್ಲ. ಜುಲೈ, ಆಗಸ್ಟ್ ತಿಂಗಳ ಮಧ್ಯಾಹ್ನದ ಪಂದ್ಯಕ್ಕೆ ಟೋಪಿ ಮತ್ತು ಸನ್‌ಸ್ಕ್ರೀನ್ ಇಲ್ಲದೆ ಹೋಗಬೇಡಿ, ಸಂಜೆಯ ಪಂದ್ಯವನ್ನೇ ಆರಿಸಿಕೊಳ್ಳುವುದು ಲೇಸು. ಏಪ್ರಿಲ್ ಮತ್ತು ಮೇ ಆರಂಭದಲ್ಲಿ ಟಿಕೆಟ್ ಅಗ್ಗವಾಗಿರುವುದಕ್ಕೆ ಚಳಿಯೇ ಕಾರಣ. ಸೂರ್ಯ ಮುಳುಗಿದ ಮೇಲೆ ಅಲ್ಲಿ ಬೀಸುವ ಗಾಳಿಗೆ ಬೆಂಗಳೂರಿನ ಸ್ವೆಟರ್ ಸಾಲದು. ದಪ್ಪ ಜಾಕೆಟ್ ಬೇಕೇ ಬೇಕು. ಬಹುಕಾಲದ ಎದುರಾಳಿ ನ್ಯೂಯಾರ್ಕ್ ಯಾಂಕೀಸ್ ತಂಡ ಬಂದಾಗ ದರ ಬಹಳ ಏರುತ್ತದೆ. ಏಪ್ರಿಲ್ ಮೂರನೇ ಸೋಮವಾರದ ಪೇಟ್ರಿಯಟ್ಸ್ ಡೇ ರಜಾದಿನದ ಪಂದ್ಯ ಬೆಳಿಗ್ಗೆಯೇ ಆರಂಭವಾಗುತ್ತದೆ, ಅಂದೇ ಬಾಸ್ಟನ್ ಮ್ಯಾರಥಾನ್ ಓಟಗಾರರು ಹತ್ತಿರದ ಕೆನ್ಮೋರ್ ಚೌಕದ ಮೂಲಕ ಸಾಗುತ್ತಾರೆ. ಜನಸಂದಣಿಯನ್ನು ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ, ಚಿಕ್ಕ ಮಕ್ಕಳಿರುವವರಿಗೆ ಇದಕ್ಕಿಂತ ಕಷ್ಟದ ದಿನವೂ ಇಲ್ಲ.

ಆಸನಗಳ ಹಿಂದಿನ ಓಡಾಟದ ಜಾಗವೂ ಹಳೆಯ ಅಳತೆಯದೇ. ಇನ್ನಿಂಗ್ಸ್‌ಗಳ ನಡುವಿನ ಬಿಡುವಿನಲ್ಲಿ ಶೌಚಾಲಯಕ್ಕೂ ತಿಂಡಿಗೂ ಉದ್ದದ ಸಾಲು ಇರುತ್ತದೆ. ಎದುರಾಳಿ ತಂಡ ಬ್ಯಾಟ್ ಮಾಡುತ್ತಿರುವಾಗ, ಮೂರನೆಯ ಇನ್ನಿಂಗ್ಸ್‌ಗೆ ಮೊದಲೇ ಎದ್ದು ಹೋಗಿ ಬಂದರೆ ಕೆಲಸ ಬೇಗ ಮುಗಿಯುತ್ತದೆ. ಸಸ್ಯಾಹಾರಿಗಳಿಗೆ ಪಿಜ್ಜಾ, ಪ್ರೆಟ್ಜೆಲ್, ಫ್ರೆಂಚ್ ಫ್ರೈಸ್, ಕಡಲೆಕಾಯಿಗಳಿಗಿಂತ ಹೆಚ್ಚೇನೂ ನಿರೀಕ್ಷಿಸದೆ ಮನೆಯಲ್ಲೇ ಉಂಡು ಹೊರಡುವುದು ವಾಸಿ. ಬ್ಯಾಗಿನ ಅಳತೆಯ ಬಗ್ಗೆ ನಿಯಮಗಳು ಬಿಗಿಯಾಗಿವೆ, ಬೆನ್ನಿಗೆ ಹಾಕುವ ಚೀಲವನ್ನು ತರಲೇಬೇಡಿ.

ಊರಿನಿಂದ ಬಂದಿರುವ ಅಪ್ಪ, ಅಮ್ಮ, ಅತ್ತೆ, ಮಾವಂದಿರ ವಿಷಯದಲ್ಲಿ ನನ್ನ ಸಲಹೆ ಬೇರೆ. ಇಕ್ಕಟ್ಟಾದ ಆಸನದಲ್ಲಿ ಕಾಲು ಚಾಚದೆ, ನಿಯಮಗಳೂ ತಿಳಿಯದ ಆಟವನ್ನು ಅಷ್ಟು ಹೊತ್ತು ನೋಡುವುದು ಮಂಡಿನೋವಿರುವ ಹಿರಿಯರಿಗೆ ಸುಖವಲ್ಲ. ವರ್ಷವಿಡೀ ನಡೆಯುವ, ಸುಮಾರು ಒಂದು ಗಂಟೆಯ ಮಾರ್ಗದರ್ಶಿತ ಪ್ರವಾಸಕ್ಕೆ ಅವರನ್ನು ಕರೆದೊಯ್ಯಿರಿ. ನಿಧಾನವಾಗಿ ನಡೆದು, ಬೇಕಾದಲ್ಲಿ ಕುಳಿತು, ಮಾರ್ಗದರ್ಶಕರ ವಿವರಣೆ ಕೇಳುತ್ತ ಅಂಗಣವನ್ನೆಲ್ಲ ನೋಡಬಹುದು. ಪಂದ್ಯಕ್ಕೆ ಹೋಗುವ ಕಿರಿಯರೂ ಸಾಧ್ಯವಿದ್ದರೆ ಈ ಪ್ರವಾಸವನ್ನು ಮೊದಲು ಮುಗಿಸಿಕೊಳ್ಳಿ, ಏಕೆಂದರೆ ಯಾವ ಸೆಕ್ಷನ್ನಿನಿಂದ ಏನು ಕಾಣುತ್ತದೆ ಎಂಬುದನ್ನು ಖಾಲಿ ಅಂಗಣದಲ್ಲಿ ನಿಂತು ಕಣ್ಣಾರೆ ಕಂಡು, ಆಮೇಲೆ ಟಿಕೆಟ್ ಕೊಳ್ಳಬಹುದು.

ಕಾರಿನಲ್ಲಿ ಹೋಗುವ ಯೋಚನೆ ಬೇಡ. ಅಂಗಣವು ನಗರದ ಬೀದಿಗಳ ನಡುವೆ ಸಿಕ್ಕಿಕೊಂಡಿದೆ, ಪಂದ್ಯದ ದಿನ ಪಾರ್ಕಿಂಗ್ ಶುಲ್ಕ ಕೆಲವೊಮ್ಮೆ ಟಿಕೆಟ್ಟಿನ ಬೆಲೆಯನ್ನೂ ಮೀರುತ್ತದೆ. ಗ್ರೀನ್ ಲೈನ್ ರೈಲಿನಲ್ಲಿ ಕೆನ್ಮೋರ್ ನಿಲ್ದಾಣದಲ್ಲಿ ಇಳಿದರೆ ಜನರ ಹಿಂದೆಯೇ ಕೆಲವು ನಿಮಿಷಗಳ ನಡಿಗೆ. ಪಶ್ಚಿಮದ ಉಪನಗರಗಳಿಂದ ಬರುವವರಿಗೆ ಕಮ್ಯೂಟರ್ ರೈಲಿನ ಲ್ಯಾನ್ಸ್‌ಡೌನ್ ನಿಲ್ದಾಣ ಇನ್ನೂ ಹತ್ತಿರ. ಪಂದ್ಯ ಮುಗಿದ ಮೇಲೆ ಕೆನ್ಮೋರ್‌ನಲ್ಲಿ ಕಾಲಿಡಲೂ ಜಾಗವಿರುವುದಿಲ್ಲವಾದ್ದರಿಂದ, ಬಾಯ್ಲ್‌ಸ್ಟನ್ ಬೀದಿಯಲ್ಲಿ ನಗರದ ಮಧ್ಯಭಾಗದ ಕಡೆಗೆ ಸ್ವಲ್ಪ ದೂರ ನಡೆದು ಮುಂದಿನ ನಿಲ್ದಾಣದಲ್ಲಿ ರೈಲು ಹತ್ತಿ.