ಆಗಸ್ಟ್ 12: ಒರೆಸುವ ದಿನ, ಅಂಟಿಸುವ ದಿನವಲ್ಲ

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್ 12ರಂದು. ಹಾಗಾಗಿ ಗ್ರಂಥಪಾಲಕರ ದಿನ ಮುಂಬಯಿಗೆ ಬರುವುದು ನಟ್ಟ ನಡು ಮಳೆಗಾಲದಲ್ಲಿ. ಉಪನಗರದ ಸಾರ್ವಜನಿಕ ವಾಚನಾಲಯವೊಂದರಲ್ಲಿ ಈ ಸಲ ಫೋಟೊಗೆ ಹಾರ, ಚಹಾ, ವಡಾಪಾವ್ ಬೇಗ ಮುಗಿದವು. ಭಾಷಣಕ್ಕೆ ಮೀಸಲಿಟ್ಟ ಹೊತ್ತು ಕನ್ನಡ ಕಪಾಟಿಗೆ ಹೋಯಿತು, ಒಳ್ಳೆಯದೇ ಆಯಿತು.

ಮೊದಲು ಜರುಗಿದ್ದು ಕಪಾಟು. ಮಳೆ ಹೊಡೆಯುವ ಗೋಡೆಗೆ ಒತ್ತಿಟ್ಟ ಸ್ಟೀಲ್ ಕಪಾಟು ಬೆವರುತ್ತದೆ. ನಡುವೆ ನಾಲ್ಕು ಇಂಚಾದರೂ ಗಾಳಿಯಾಡಬೇಕು, ಕೆಳಗಿನ ಸಾಲು ನೆಲದಿಂದ ಆರು ಇಂಚು ಮೇಲಿರಬೇಕು. ಪುಸ್ತಕ ತೆಗೆಯುವಾಗ ಬೆನ್ನಿನ ಮೇಲ್ತುದಿಗೆ ಬೆರಳು ಸಿಕ್ಕಿಸಿ ಎಳೆದರೆ ಅಲ್ಲೇ ಹರಿಯುತ್ತದೆ. ಅಕ್ಕಪಕ್ಕದವನ್ನು ಒಳಕ್ಕೆ ತಳ್ಳಿ, ನಡು ಹಿಡಿದು ತೆಗೆಯಬೇಕು. ಆಮೇಲೆ ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಎರಡು ಇಂಚಿನ ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಮೇಲಂಚಿನ ಧೂಳನ್ನು ಬೆನ್ನಿನಿಂದ ಹೊರಕ್ಕೆ ಒರೆಸಬೇಕು. ಒದ್ದೆ ಬಟ್ಟೆಯಂತೂ ಬೇಡವೇ ಬೇಡ.

ತೇವಾಂಶ ಶೇ. 65 ದಾಟಿತೆಂದರೆ ಬೂಷ್ಟಿಗೆ ಹಬ್ಬ. ಆಗಸ್ಟಿನ ಮುಂಬಯಿಯಲ್ಲಿ ದಿನವೂ ಅದೇ. ಬ್ರಷ್ ತಾಗಿಸಿದಾಗ ಅಂಟಂಟಾಗಿ ಹರಡಿದರೆ ಅದು ಇನ್ನೂ ಬೆಳೆಯುತ್ತಿದೆ ಎಂದರ್ಥ. ಅಂಥದ್ದನ್ನು ಉಜ್ಜದೆ, ಬೇರೆ ಕೋಣೆಯಲ್ಲಿ ಹಾಳೆ ಬಿಡಿಸಿ ನಿಲ್ಲಿಸಿ ಫ್ಯಾನ್ ಗಾಳಿಗೆ ಒಣಗಿಸಬೇಕು. ಬಿಸಿಲಿಗಿಟ್ಟರೆ ರಟ್ಟು ಸೊಟ್ಟಗಾಗುತ್ತದೆ. ಪುಡಿಯಾಗಿ ಉದುರಿದರೆ ಮಾತ್ರ ಮಾಸ್ಕ್ ಹಾಕಿಕೊಂಡು ಬಾಲ್ಕನಿಯಲ್ಲಿ ಒರೆಸಬಹುದು. ಡಾಂಬರು ಗುಳಿಗೆ ಹುಳಕ್ಕೆ, ಬೂಷ್ಟಿಗೆ ಅದು ಮದ್ದಲ್ಲ.

ಈ ಕಪಾಟಿನ ಇನ್ನೊಂದು ತೊಂದರೆ ಮಳೆಯದಲ್ಲ. ಅರ್ಧದಷ್ಟು ಪುಸ್ತಕ ತಲೆಕೆಳಗಾಗಿ ನಿಂತಿದ್ದವು. ಜೋಡಿಸುವ ಶಿಪಾಯಿಗೆ ಕನ್ನಡ ಓದಲು ಬರುವುದಿಲ್ಲ, ಅದರಲ್ಲಿ ಅವರ ತಪ್ಪೇನಿದೆ? ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ಆದರೆ ಬರೀ ಆ ಸಂಖ್ಯೆ ಬರೆದರೆ ಕವಿತೆ, ಕಾದಂಬರಿ, ನಾಟಕ ಎಲ್ಲ ಒಂದೇ ರಾಶಿ. ಅದಕ್ಕೇ ಪ್ರತಿ ಪುಸ್ತಕಕ್ಕೂ ಒಂದು ಚೀಟಿ: ಮೇಲೆ ಸಂಖ್ಯೆ, ಅದರಡಿ ಲೇಖಕರ ಹೆಸರು, ಶೀರ್ಷಿಕೆ, ಎರಡೂ ಮರಾಠಿಯ ಲಿಪಿಯಾದ ದೇವನಾಗರಿಯಲ್ಲಿ. ಮರಾಠಿಯಲ್ಲಿ ಎ, ಏಗೆ ಒಂದೇ ಅಕ್ಷರ. ಒ, ಓ ಕೂಡ ಹಾಗೆಯೇ. ಜೋಡಣೆಯಲ್ಲೂ ಅವನ್ನು ಒಂದೇ ಗುಂಪಾಗಿ ಇಟ್ಟರೆ ಹುಡುಕಾಟ ತಪ್ಪುತ್ತದೆ. ಕಾವ್ಯನಾಮವಿದ್ದರೆ ಮುಖಪುಟದಲ್ಲಿ ಇರುವಂತೆಯೇ ಬರೆದು, ನಿಜ ಹೆಸರಿಗೆ ಕ್ಯಾಟಲಾಗಿನಲ್ಲಿ ಇನ್ನೊಂದು ಕಾರ್ಡ್. ಚೀಟಿಯ ಜಾಗ ಬೆನ್ನಿನ ಬುಡದಿಂದ ಒಂದು ಇಂಚು ಮೇಲೆ, ಎಲ್ಲಕ್ಕೂ ಒಂದೇ ಎತ್ತರ. ಚೀಟಿ ಕೆಳಗಿದ್ದರೆ ಪುಸ್ತಕ ನೆಟ್ಟಗಿದೆ ಎಂದು ಲಿಪಿ ಬಾರದವರಿಗೂ ಗೊತ್ತಾಗುತ್ತದೆ. ಪುಸ್ತಕವಿರುವುದು ಬಳಕೆಗೆ ಎಂಬ ರಂಗನಾಥನ್ ಅವರ 1931ರ ಮೊದಲ ಸೂತ್ರಕ್ಕೆ ಹಾರಕ್ಕಿಂತ ಈ ಚೀಟಿಯೇ ಹತ್ತಿರ.



ಚೀಟಿಗಳನ್ನು ಬರೆದು ಆಯಾ ಪುಸ್ತಕದೊಳಗೆ ಇಟ್ಟದ್ದಷ್ಟೇ. ಅಂಟಿಸುವುದು ರಾಷ್ಟ್ರೀಯ ಗ್ರಂಥಾಲಯ ಸಪ್ತಾಹಕ್ಕೆ, ನವೆಂಬರ್ 14ರಿಂದ 20ರೊಳಗೆ. ಮಳೆಯಲ್ಲಿ ಗೋಂದು ಒಣಗುವುದಿಲ್ಲ, ಒಣಗದ ಗೋಂದಿಗೇ ಬೂಷ್ಟು ಕೂರುತ್ತದೆ. ನವೆಂಬರಿನಲ್ಲಿ ಗೋಂದಿಗೆ ಒಂದು ಪಾಲು ಮೈದಾಕ್ಕೆ ಐದು ಪಾಲು ನೀರು ಹಾಕಿ, ಗಂಟಾಗದಂತೆ ಸಣ್ಣ ಉರಿಯಲ್ಲಿ ಕದಡುತ್ತಾ ಕುದಿಸಿ, ಆರಿಸಿ ಸೋಸಿದರಾಯಿತು. ಅವತ್ತಿನದು ಅವತ್ತೇ ಮುಗಿಯಬೇಕು. ಫೆವಿಕಾಲ್ ಒಮ್ಮೆ ಒಣಗಿತೋ, ಮುಂದೆ ಬೈಂಡಿಂಗ್ ಬಿಚ್ಚುವವರು ಹಾಳೆ ಸಮೇತ ಕೀಳಬೇಕಾಗುತ್ತದೆ. ಸೆಲೊಟೇಪ್ ಇನ್ನೂ ಕೆಟ್ಟದ್ದು: ಪಟ್ಟಿ ತಾನಾಗಿ ಉದುರಿ ಬೀಳುತ್ತದೆ, ಕಂದು ಅಂಟಿನ ಕಲೆ ಮಾತ್ರ ಅಕ್ಷರದ ಮೇಲೆ ಉಳಿಯುತ್ತದೆ.